ಹೊಂಗೆ ಮರದ ಬುಡದಲ್ಲಿ ಅಪ್ಪನ ಮೆಟ್ಟು

ನಮ್ಮ ಹಿರಿಯೂರಿನ ಕ್ರೈಸ್ತ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕುಟುಂಬ ಆರಾಧನೆ. ಉಳಿದ ಭಾನುವಾರಗಳಲ್ಲಿ ಗಂಡಸರು ಬಲಕ್ಕೆ, ಹೆಂಗಸರು ಎಡಕ್ಕೆ. ಆ ಒಂದು ದಿನ ಮಾತ್ರ ಒಂದೊಂದು ಮನೆಯವರು ಒಂದೊಂದು ಚಾಪೆಯ ಮೇಲೆ ಒಟ್ಟಿಗೆ ಕೂರಬೇಕು. ಚಾಪೆಯನ್ನು ಮನೆಯಿಂದಲೇ ತರಬೇಕು. ಪ್ರಸಂಗ, ಅಂದರೆ ಉಪದೇಶ, ಮುಗಿದ ಮೇಲೆ ಪಾಸ್ಟರು ಒಂದೊಂದೇ ಮನೆಯವರನ್ನು ಮುಂದಕ್ಕೆ ಕರೆಯುತ್ತಾರೆ. ಹೆಸರು ಹಿಡಿದು ಕರೆಯುವುದಿಲ್ಲ, ಮನೆಯ ಗುರುತು ಹಿಡಿದು ಕರೆಯುತ್ತಾರೆ. "ಸೇತುವೆ ಪಕ್ಕದ ಮನೆಯೋರು ಬರ್ರಿ." "ಕಾಯಿ ಮಂಡಿ ಹಿಂದಿನ ಮನೆಯೋರು ಬರ್ರಿ." ಕರೆಸಿಕೊಂಡವರು ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುತ್ತಾರೆ, ಪಾಸ್ಟರು ಆ ಮನೆಗಾಗಿ ಪ್ರಾರ್ಥಿಸುತ್ತಾರೆ.

ಕಾಯಿ ಮಂಡಿ ಹಿಂದಿನ ಮನೆ ನಮ್ಮದು. ಮೂರು ವರ್ಷದಿಂದ ಆ ಕರೆಗೆ ನಾನೊಬ್ಬಳೇ ಏಳುತ್ತಿದ್ದೇನೆ. ಹಿಡಿಯಲು ಯಾರ ಕೈಯೂ ಇಲ್ಲದ್ದರಿಂದ ನನ್ನ ಒಂದು ಕೈಯನ್ನು ಇನ್ನೊಂದರಲ್ಲಿ ಹಿಡಿದುಕೊಂಡು ನಿಲ್ಲುತ್ತೇನೆ. ಮೊದಲ ಸಲ ಹಾಗೆ ನಿಂತಾಗ ಹಿಂದಿನಿಂದ ಯಾರೋ "ಪಾಪ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು! ಪ್ರಾರ್ಥನೆ ನಡೆಯುತ್ತಿದೆ ಅನ್ನುವುದನ್ನೂ ಮರೆತು ತಿರುಗಿ ಕೆಕ್ಕರಿಸಿ ನೋಡಿದೆ. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ.

ಹಾಗಂತ ನಮ್ಮ ಮನೆಯಲ್ಲಿ ನಾನೊಬ್ಬಳೇ ಉಳಿದಿದ್ದೇನೆ ಅಂದುಕೊಳ್ಳಬೇಡಿ. ಅವ್ವ ಹೋದಳು ನಿಜ. ಅಪ್ಪ ಇದ್ದಾನೆ. ನಾನು ಒಳಗೆ ಕೈ ಕಟ್ಟಿ ನಿಂತಿರುವಾಗ ಅವನು ಹೊರಗೆ ಕಾಂಪೌಂಡಿನಲ್ಲಿ, ಹೊಂಗೆ ಮರದ ಕೆಳಗೆ ಕೂತಿರುತ್ತಾನೆ. ಮೂವತ್ತು ನಲವತ್ತು ಹೆಜ್ಜೆಯ ದೂರ ಅಷ್ಟೆ. ಅಷ್ಟನ್ನು ಅವನು ಒಂದು ದಿನವೂ ದಾಟಿ ಬಂದಿಲ್ಲ.

ಅದಕ್ಕೊಂದು ಕಾರಣವಿದೆ. ಅಪ್ಪ ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆಯವನು. ಹಿರಿಯೂರಿಗೆ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಬಂದು ಇಲ್ಲೇ ನಿಂತ. ಅವ್ವ ಇದೇ ಸಭೆಯಲ್ಲಿ ಹುಟ್ಟಿ ಬೆಳೆದವಳು, ಹೊಲಿಗೆಯವಳು. ಅವರ ಮದುವೆ ಹೇಗಾಯಿತೆಂದು ಕೇಳಿದರೆ ಇಬ್ಬರೂ ನಗುತ್ತಿದ್ದರೇ ಹೊರತು ನೆಟ್ಟಗೆ ಬಾಯಿ ಬಿಡುತ್ತಿರಲಿಲ್ಲ. ಅವರ ನಡುವಿನ ಕರಾರು ಮಾತ್ರ ನನಗೆ ಗೊತ್ತಿತ್ತು. ಅವಳ ದೇವರು ಅವಳಿಗೆ, ಅವನ ದೇವರು ಅವನಿಗೆ. ಆದರೆ ಒಬ್ಬರನ್ನೊಬ್ಬರು ಬಾಗಿಲ ತನಕ ಬಿಟ್ಟು, ಮುಗಿಯುವವರೆಗೆ ಹೊರಗೆ ಕಾದು, ಕರೆದುಕೊಂಡು ಬರಬೇಕು. ವರ್ಷಕ್ಕೊಮ್ಮೆ ಅಪ್ಪನ ಮನೆದೇವರಿಗೆ ಹೋದಾಗ ಅವ್ವ ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದಳು. ವಾರವಾರ ಅಪ್ಪ ಇಲ್ಲಿ ಕಾಯುತ್ತಿದ್ದ. ಲೆಕ್ಕ ನೋಡಿದರೆ ಅಪ್ಪನಿಗೇ ನಷ್ಟ ಅಂತ ನಾನು ಚಿಕ್ಕವಳಾಗಿದ್ದಾಗ ಹೇಳುತ್ತಿದ್ದೆ.

ಅಪ್ಪ ಸುಮ್ಮನೆ ಕೂತು ಕಾಯುವ ಜಾತಿಯವನಲ್ಲ. ಸಭೆಯ ಬೆಂಚು ಹೊರುವುದು, ಕ್ರಿಸ್ಮಸ್ ದಿನ ಬೀದಿಗೆಲ್ಲ ಊಟ ಹಾಕುವಾಗ ಒಲೆ ಹೂಡುವುದು, ಬೇಸಿಗೆಯಲ್ಲಿ ಹೈವೇ ಬಸ್ಸಿನವರಿಗೆ ಮಜ್ಜಿಗೆ ಹಂಚುವಾಗ ಕೊಡ ಎತ್ತುವುದು, ಎಲ್ಲದಕ್ಕೂ ಅವನೇ ಮುಂದು. ಆದರೆ ಅವನದೇ ಅಂತ ಇದ್ದ ಕೆಲಸ ಒಂದೇ. ಎಲ್ಲರೂ ಒಳಗೆ ಹೋದ ಮೇಲೆ ಮೆಟ್ಟಿಲ ಬುಡದಲ್ಲಿ ಚೆಲ್ಲಾಪಿಲ್ಲಿ ಬಿದ್ದ ಚಪ್ಪಲಿಗಳನ್ನು ಜೊತೆ ಮಾಡಿ ಸಾಲಾಗಿ ಜೋಡಿಸುತ್ತಿದ್ದ. ಬರೀ ಜೋಡಿಸುವುದಲ್ಲ, ಮನೆಮನೆಯಾಗಿ ಜೋಡಿಸುತ್ತಿದ್ದ. ಸೇತುವೆ ಪಕ್ಕದ ಮನೆಯ ಗಂಡ, ಹೆಂಡತಿ, ಮಕ್ಕಳ ಚಪ್ಪಲಿ ಒಟ್ಟಿಗೆ, ಆಮೇಲೆ ಒಂದು ಗೇಣು ಜಾಗ ಬಿಟ್ಟು ಮುಂದಿನ ಮನೆ. ಯಾರ ಚಪ್ಪಲಿ ಯಾರದೆಂದು ಅವನಿಗೆ ಬಾಯಿಪಾಠ. ಆರಾಧನೆ ಬಿಟ್ಟಾಗ ಯಾರೂ ಹುಡುಕಬೇಕಾಗಿರಲಿಲ್ಲ, ತಮ್ಮ ಮನೆಯ ಮುಂದೆ ನಿಂತು ಮೆಟ್ಟಿಕೊಂಡರಾಯಿತು.

"ಊರೋರ ಮೆಟ್ಟೆಲ್ಲ ಮುಟ್ಟೋಕೆ ಹೋಗ್ತೀಯಲ್ಲೋ, ನಾಚ್ಕೆ ಆಗಲ್ವೇನೋ?" ಎಂದು ಅವನ ಕಡೆಯ ನೆಂಟರು ಬೈದಾಗ ಅಪ್ಪ, "ಮುಟ್ಟಿದ್ರೆ ಕೈ ತೊಳ್ಕಂಡ್ರಾಯ್ತು ಬಿಡ್ರಿ" ಅನ್ನುತ್ತಿದ್ದ. ಪಾಸ್ಟರು ಒಳಗೆ ಕರೆದರೆ, "ನಾನೂ ಒಳಗ್ ಬಂದ್ರೆ ಮೆಟ್ಟು ಕಾಯೋರು ಯಾರ್ ಸ್ವಾಮಿ?" ಅನ್ನುತ್ತಿದ್ದ.

ಸಾಲಿನ ಕೊನೆಗೆ ನಮ್ಮ ಮನೆ. ಅವ್ವನ ನೀಲಿ ಪಟ್ಟಿಯ ಚಪ್ಪಲಿ, ನನ್ನದು, ಅವೆರಡರ ಪಕ್ಕ ಅಪ್ಪನ ಮೆಟ್ಟು. ಕುರಿಯವರು ಹಾಕುವ ದಪ್ಪ ತೊಗಲಿನ ಮೆಟ್ಟು, ಕೆಳಗೆ ಟೈರಿನ ಅಟ್ಟೆ. ತೊಗಲು ಮೆತ್ತಗಿರಲೆಂದು ವಾರಕ್ಕೊಮ್ಮೆ ಹರಳೆಣ್ಣೆ ಉಣಿಸುತ್ತಿದ್ದ. ಆ ಎಣ್ಣೆ, ಬೆವರು, ತೊಗಲು ಸೇರಿ ಒಂದು ಕಮಟು ವಾಸನೆ. ಅವನ್ನು ನಮ್ಮ ಪಕ್ಕ ಬಿಟ್ಟು, ತಾನು ಬರಿಗಾಲಲ್ಲಿ ಹೊಂಗೆ ಮರದ ಕೆಳಗೆ ಕೂರುತ್ತಿದ್ದ. ಒಳಗೆ ಚಾಪೆಯ ಮೇಲೆ ನಾವು ಇಬ್ಬರೇ. ಹೊರಗೆ ಆ ಸಾಲಿನಲ್ಲಿ ಮಾತ್ರ ನಾವು ಮೂವರೂ ಇರುತ್ತಿದ್ದೆವು.

ಅದನ್ನು ಹಾಳು ಮಾಡಿದವಳು ನಾನು. ಇಷ್ಟು ವರ್ಷ ಯಾರಿಗೂ ಹೇಳದ ಮಾತು ಇದು.

ಆಗ ನನಗೆ ಹದಿಮೂರು. ಕ್ರಿಸ್ಮಸ್ ಹತ್ತಿರವಿದ್ದ ಒಂದು ಕುಟುಂಬ ಆರಾಧನೆಗೆ ನೆರೆಹೊರೆಯವರನ್ನೂ ಊಟಕ್ಕೆ ಕರೆಯಬೇಕೆಂದು ಸಭೆಯಲ್ಲಿ ಹೇಳಿದ್ದರು. ನಾನು ಜಂಬದಿಂದ ನನ್ನ ಕ್ಲಾಸಿನ ಮೂವರು ಹುಡುಗಿಯರನ್ನು ಕರೆದಿದ್ದೆ. ಮೂವರೂ ಅನುಕೂಲಸ್ಥರ ಮನೆಯವರು. ಆರಾಧನೆ ಮುಗಿದಾಗ ಅವ್ವನನ್ನು ಚಾಪೆ ಸುತ್ತಲು ಒಳಗೇ ಬಿಟ್ಟು ನಾವು ಹೊರಗೆ ಬಂದೆವು. ಅವರಲ್ಲೊಬ್ಬಳು ಸಾಲಿನ ಮುಂದೆ ನಿಂತು ಮೂಗು ಮುಚ್ಚಿಕೊಂಡು, "ಥೂ, ಇದ್ಯಾರದೇ ಇದು, ಹಿಂಗೆ ನಾರ್ತೈತೆ! ನಿನ್ ಚಪ್ಲಿ ಪಕ್ಕನೇ ಇಟ್ಟವ್ರಲ್ಲ!" ಅಂದಳು.

ನನ್ನ ಬಾಯಲ್ಲಿ ಆ ಮಾತು ಹೇಗೆ ಬಂತೋ! "ಯಾರೋ ಕುರಿ ಕಾಯೋನ್ದು ಕಣೇ" ಅಂದೆ. ಅಂದಿದ್ದು ಸಾಲದೆಂದು ಕಾಲಿನ ಹೆಬ್ಬೆರಳನ್ನು ಪಟ್ಟಿಯೊಳಗೆ ತೂರಿಸಿ, ಒಂದಾದ ಮೇಲೆ ಒಂದು, ಎರಡನ್ನೂ ಹೊಂಗೆ ಮರದ ಕಡೆಗೆ ಎಸೆದೆ. ಹುಡುಗಿಯರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ನಗುತ್ತಲೇ ತಲೆ ಎತ್ತಿದರೆ ಅಪ್ಪ ಎದುರಿಗೇ ನಿಂತಿದ್ದ, ಕೈಯಲ್ಲಿ ಸಾರಿನ ಬಕೆಟ್ಟು.

ಅವನು ಬೈಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಹುಡುಗಿಯರಿಗೆ, "ಕುಂತ್ಕಳ್ರವ್ವ, ಊಟ ಬಡಿಸ್ತಾರೆ" ಅಂದ. ಬಕೆಟ್ಟು ಇಳಿಸಿ ಮರದ ಹತ್ತಿರ ಹೋಗಿ ಮೆಟ್ಟು ಮೆಟ್ಟಿಕೊಂಡ. ಅವನು ನನ್ನ ಅಪ್ಪನೆಂದು ಆ ಹುಡುಗಿಯರಿಗೆ ನಾನು ಹೇಳಲಿಲ್ಲ, ಅವನೂ ಹೇಳಲಿಲ್ಲ.

ಮುಂದಿನ ಭಾನುವಾರದಿಂದ ಅಪ್ಪನ ಮೆಟ್ಟು ಸಾಲಿಗೆ ಬರಲಿಲ್ಲ. ಎಲ್ಲರ ಚಪ್ಪಲಿ ಎಂದಿನಂತೆ ಜೋಡಿಸಿದ. ನನ್ನದನ್ನೂ ಅವ್ವನದನ್ನೂ ಒಟ್ಟಿಗೆ ಇಟ್ಟ. ಅವನವು ಅವನ ಕಾಲಲ್ಲಿದ್ದವು. ಕೂತಾಗ ಕಳಚಿದರೆ ಮರದ ಬುಡದಲ್ಲಿ, ಬೇರಿನ ಸಂದಿಯಲ್ಲಿ. "ಯಾಕೆ, ನಿಮ್ಮವು ಅಲ್ಲಿ ಅವೆ?" ಎಂದು ಅವ್ವ ಕೇಳಿದಾಗ ನಾನು ತಲೆ ಬಗ್ಗಿಸಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದೆ. ಅಪ್ಪ, "ನಾಯಿಗಳು ಜಾಸ್ತಿ ಆಗ್ಯಾವೆ ಕಣೇ, ತೊಗಲು ಕಂಡ್ರೆ ಕಚ್ಕಂಡು ಹೋಗ್ತವೆ. ಕಣ್ಮುಂದೇ ಇರ್ಲಿ" ಅಂದ. ನನ್ನನ್ನು ಬಿಟ್ಟುಕೊಡಲಿಲ್ಲ. ಅವ್ವ ಸಾಯುವವರೆಗೂ ಅದನ್ನೇ ನಂಬಿದ್ದಳು.

ಬೈದಿದ್ದರೆ, ಎರಡು ಬಿಗಿದಿದ್ದರೆ, ಅತ್ತು ಕಾಲು ಹಿಡಿದುಬಿಡುತ್ತಿದ್ದೆ. ಏನೂ ಅನ್ನದ ಅಪ್ಪನ ಹತ್ತಿರ ಕ್ಷಮೆ ಹೇಗೆ ಕೇಳುವುದು? ಕೇಳೋಣ ಕೇಳೋಣ ಅನ್ನುವುದರಲ್ಲೇ ಮೂವತ್ತು ವರ್ಷ ಹೋಯಿತು. ನಾನು ಮದುವೆಯಾಗಲಿಲ್ಲ, ಅವ್ವನ ಹೊಲಿಗೆ ಮಿಷನ್ನು ನನ್ನ ಕೈಗೆ ಬಂತು, ಸಭೆಯ ಹಿಂದಿನ ಕೋಣೆಯಲ್ಲಿ ಊರ ಹೆಂಗಸರಿಗೆ ಹೊಲಿಗೆ ಕಲಿಸುವ ಮೇಡಮ್ಮು ಆದೆ. ಸ್ವಂತ ದುಡಿಮೆ ಶುರುವಾದಾಗ ಅಪ್ಪನಿಗೆ ಒಳ್ಳೆಯ ಮೆತ್ತನೆಯ ಚಪ್ಪಲಿ ತಂದುಕೊಟ್ಟೆ. "ಚೆನ್ನಾಗವೆ" ಅಂದ, ಹಾಕಿಕೊಂಡು ಮಂಡಿಗೆಲ್ಲ ತೋರಿಸಿ ಬಂದ. ಭಾನುವಾರ ಅವನ್ನೂ ಹೊಂಗೆ ಮರದ ಬುಡದಲ್ಲೇ ಬಿಟ್ಟ. ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ತೊಗಲಿನ ಮೆಟ್ಟಿಗೆ ಬಂದ.

ಪ್ರತಿ ಭಾನುವಾರ ಮೆಟ್ಟಿಲಿಳಿಯುವಾಗ ನನ್ನ ಕಣ್ಣು ಮೊದಲು ಸಾಲಿನ ಕೊನೆಗೆ ಹೋಗುತ್ತಿತ್ತು. ಇವತ್ತಾದರೂ ಇಟ್ಟಿರುತ್ತಾನೇನೋ ಅಂತ. ಸಭೆಯಲ್ಲಿ ಜನ ಮಳೆಗೆ, ಮಗುವಿಗೆ, ಕೆಲಸಕ್ಕೆ ಬೇಡಿಕೊಂಡರೆ ನಾನು ಅಪ್ಪನ ಮೆಟ್ಟಿಗೆ ಬೇಡಿಕೊಂಡಿದ್ದೇನೆ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಅವ್ವ ಹೋದ ಮೇಲಂತೂ ಸಾಲಿನ ಕೊನೆಗೆ ನನ್ನ ಒಂದೇ ಜೊತೆ. ಅದನ್ನು ನೋಡಿದಾಗಲೆಲ್ಲ, ಈ ಮನುಷ್ಯನೂ ಹೋಗಿಬಿಟ್ಟರೆ ನಾನು ಇದನ್ನು ಸರಿಮಾಡುವುದು ಯಾವಾಗ ಅನ್ನಿಸುತ್ತಿತ್ತು.

ಕಳೆದ ವರ್ಷ ಒಂದು ಕುಟುಂಬ ಆರಾಧನೆಯ ದಿನ ಹೊರಗೆ ಗಲಾಟೆಯಾಯಿತು. ಸೇತುವೆ ಪಕ್ಕದ ಮನೆಯಾಕೆಯ ಒಂದು ಚಪ್ಪಲಿ ಅವಳ ಸಾಲಿನಲ್ಲಿ, ಇನ್ನೊಂದು ಬೇರೆ ಯಾರದೋ ಮನೆಯ ಸಾಲಿನಲ್ಲಿ. ಒಬ್ಬ ಹಿರಿಯರ ಎಡಗಾಲಿನ ಬೂಟಿಗೆ ಮತ್ತೊಬ್ಬರ ಬಲಗಾಲಿನದು ಜೊತೆ. "ಏನಪ್ಪ, ಇವತ್ತು ಎಲ್ಲಾರ ಸಂಸಾರನೂ ಕಲಸಿಬಿಟ್ಟಿದ್ದೀಯ!" ಎಂದು ಜನ ಬಿದ್ದು ಬಿದ್ದು ನಕ್ಕರು. ಅಪ್ಪನೂ ನಕ್ಕ. ಆದರೆ ಅವನು ಬಗ್ಗಿ ಒಂದೊಂದು ಚಪ್ಪಲಿಯನ್ನೂ ಬೆರಳಿನಿಂದ ಸವರಿ ನೋಡುವುದನ್ನು ಕಂಡೆ. ಕಣ್ಣು ಮಂಜಾಗಿತ್ತು. ಮುದುಕ ಯಾರಿಗೂ ಹೇಳಿರಲಿಲ್ಲ.

"ನಂಗೇನಾಗೈತೆ? ಹದ್ದಿನ ಕಣ್ಣು ನಂದು" ಎಂದು ವಾದಿಸಿದ. ಆ ತಿಂಗಳು ನಮ್ಮ ಸಭೆಯವರು ಯಲ್ಲದಕೆರೆಯ ಶಾಲೆಯಲ್ಲಿ ಕಣ್ಣಿನ ತಪಾಸಣೆಯ ಶಿಬಿರ ಇಟ್ಟುಕೊಂಡಿದ್ದರು, ಚಿತ್ರದುರ್ಗದಿಂದ ಡಾಕ್ಟರು ಬರುವವರಿದ್ದರು. ತಪಾಸಣೆಗೆ ಬಾ ಅಂದಿದ್ದರೆ ಬರುತ್ತಿರಲಿಲ್ಲ. "ಬೆಂಚು ಹೊರೋರಿಲ್ಲ, ಬಾರಪ್ಪ" ಅಂದೆ. ಎಲ್ಲರಿಗಿಂತ ಮೊದಲು ವ್ಯಾನು ಹತ್ತಿ ಕೂತ.

ಶಾಲೆಯ ಜಗಲಿಯ ಮೇಲೆ ನಾನು ಚೀಟಿ ಬರೆಯುತ್ತಿದ್ದೆ. ಅವನ ಕಡೆಯ ಹಳ್ಳಿಗಳಿಂದಲೇ ಜನ ಬಂದಿದ್ದರು, ಕಂಬಳಿ ಹೊದ್ದ ಮುದುಕರು, ಮೊಮ್ಮಕ್ಕಳ ಕೈ ಹಿಡಿದ ಮುದುಕಿಯರು. ಅಪ್ಪ ತನ್ನ ಕೆಲಸ ಶುರು ಮಾಡಿದ್ದ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ತಡವುತ್ತ ಹೊರಬರುತ್ತಿದ್ದವರ ಕಾಲಿಗೆ ಅವರವರ ಚಪ್ಪಲಿ ಹುಡುಕಿ ತೊಡಿಸುತ್ತಿದ್ದ, ಅರ್ಧ ತಪ್ಪು, ಅರ್ಧ ಸರಿ. ಜನ ಸ್ವಲ್ಪ ಕರಗಿದ ಮೇಲೆ ನಾನು ಅವನ ಹೆಸರಿನಲ್ಲೊಂದು ಚೀಟಿ ಬರೆದು, "ಅಪ್ಪ, ನೀನು ಒಳಗೆ ಹೋಗ್ದಿದ್ರೆ ಇವತ್ತು ನಾನು ಮನೇಗ್ ಬರಲ್ಲ" ಅಂದೆ. ನನ್ನ ಮುಖ ನೋಡಿ ಹೆದರಿದನೋ ಏನೋ, ಎದ್ದ. ಜಗಲಿಯ ಆ ತುದಿಯಲ್ಲಿ, ಎಲ್ಲರ ಚಪ್ಪಲಿಯಿಂದ ದೂರ, ಮೆಟ್ಟು ಕಳಚಿಟ್ಟು ಒಳಗೆ ಹೋದ.

ಆ ಮೆಟ್ಟನ್ನೇ ನೋಡುತ್ತ ಕೂತೆ. ಆಮೇಲೆ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಎರಡನ್ನೂ ಕೈಯಲ್ಲಿ ಎತ್ತಿಕೊಂಡೆ. ಅಬ್ಬ, ಎಷ್ಟು ಭಾರ! ಅವತ್ತು ಹೆಬ್ಬೆರಳಲ್ಲಿ ಎಸೆದಾಗ ಇಷ್ಟು ಭಾರ ತಿಳಿದಿರಲಿಲ್ಲ. ತಂದು ನನ್ನ ಚಪ್ಪಲಿಯ ಪಕ್ಕ ನೆಟ್ಟಗೆ ಇಟ್ಟೆ. ಯಾರೋ ನೋಡಿದರು. ನೋಡಲಿ ಅಂದುಕೊಂಡೆ.

ಅಪ್ಪ ಹೊರಬಂದಾಗ ಔಷಧಿಗೆ ಕಣ್ಣು ನೀರಾಡುತ್ತಿತ್ತು. ಬಿಸಿಲು ತಡೆಯದೆ ಕೈ ಅಡ್ಡ ಹಿಡಿದ. ಬಿಟ್ಟ ಜಾಗದಲ್ಲಿ ಕಾಲಾಡಿಸಿದ, ಸಿಗಲಿಲ್ಲ. "ಲೇ, ನನ್ ಮೆಟ್ಟು ಎಲ್ಲವೆ?" ಅಂದ.

"ಇಲ್ಲೇ ಅವೆ ಅಪ್ಪ. ನನ್ನವುಗಳ ಪಕ್ಕ."

ಧ್ವನಿ ಹಿಡಿದು ಬಂದ. ಕುಕ್ಕರುಗಾಲಲ್ಲಿ ಕೂತು ಕೈಯಿಂದ ತಡವಿದ. ಮೊದಲು ತನ್ನ ಮೆಟ್ಟು, ಆಮೇಲೆ ಪಕ್ಕದ ನನ್ನ ಚಪ್ಪಲಿ. ಅದರ ಪಟ್ಟಿಗೆ ಅವನೇ ಹಾಕಿಕೊಟ್ಟಿದ್ದ ಹೊಲಿಗೆಯಿತ್ತು, ಅದು ಬೆರಳಿಗೆ ಸಿಕ್ಕಿತು. ಕೈ ಅಲ್ಲೇ ನಿಂತಿತು. ಆಮೇಲೆ ತಲೆ ಎತ್ತದೆ ಮೆಲ್ಲಗೆ ಅಂದ:

"ನಿನ್ನವುಕ್ಕೆ ಹರಳೆಣ್ಣೆ ವಾಸ್ನೆ ಹತ್ಕಂತೈತಲ್ಲ ಮಗಾ."

ಮೂವತ್ತು ವರ್ಷ! ಒಂದಕ್ಷರವೂ ಮರೆತಿರಲಿಲ್ಲ ಅವನು. ನಾನು ಅಲ್ಲೇ ಅವನೆದುರು ಕೂತುಬಿಟ್ಟೆ. "ಹತ್ಕಳ್ಲಿ ಬಿಡಪ್ಪ" ಅಂದೆ. "ನಾನು ಅವತ್ತು ಮಾಡಿದ್ದು ತಪ್ಪು ಕಣಪ್ಪ." ಗೊಳೋ ಎಂದು ಅತ್ತೆ. ಚೀಟಿಗೆ ನಿಂತಿದ್ದ ಮುದುಕಿಯೊಬ್ಬಳು, "ಅಯ್ಯೋ, ಅವ್ರಪ್ಪಂಗೆ ಕಣ್ಣು ಪೂರ್ತಿ ಹೋಗೈತಂತೇನೋ" ಎಂದು ಲೊಚಗುಟ್ಟಿದಳು. ಅಪ್ಪನಿಗೆ ನಗು ಬಂತು. "ಏನೂ ಹೋಗಿಲ್ಲ ಕಣಜ್ಜಿ, ಪೊರೆ ಅಷ್ಟೆ. ತೆಗೀತಾರಂತೆ" ಅಂದ. ನನ್ನ ತಲೆಯ ಮೇಲೆ ಕೈಯಿಟ್ಟು, "ಏಳು, ಜನ ಕಾಯ್ತಾವ್ರೆ. ಚೀಟಿ ಬರಿ" ಅಂದ.

ವಾಪಸು ಬರುವಾಗ ವ್ಯಾನಿನಲ್ಲಿ ಕಣ್ಣು ಮುಚ್ಚಿ ಕೂತೇ ಅವನು ಒಂದು ಮಾತು ಹೇಳಿದ. ಮದುವೆಯಾದ ವರ್ಷ ಅವ್ವನನ್ನು ಮೊದಲ ಸಲ ತನ್ನ ಮನೆದೇವರಿಗೆ ಕರೆದುಕೊಂಡು ಹೋಗಿದ್ದನಂತೆ. ಅವಳು ಕರಾರಿನಂತೆ ಹೊರಗೆ ಬೇವಿನ ಮರದ ಕೆಳಗೆ ನಿಂತಳು. ಅವನ ಕಡೆಯವರು ಯಾರೂ ಅವಳನ್ನು ಮಾತಾಡಿಸಲಿಲ್ಲ. "ನಾನು ಒಳಗಿಂದ ಬಂದು ನೋಡ್ತೀನಿ, ನಿಮ್ಮವ್ವ ನನ್ ಮೆಟ್ಟನ್ನ ಮಡ್ಲಲ್ಲಿ ಇಟ್ಕಂಡು ಸೆರಗು ಮುಚ್ಕಂಡು ಕುಂತವ್ಳೆ. ಹನಿ ಬೀಳ್ತಿತ್ತು. 'ನೆಂದ್ರೆ ತೊಗಲು ಬಿರುಸಾಗ್ತೈತೆ, ನಿಮ್ ಕಾಲು ಕಡೀತೈತೆ' ಅಂದ್ಲು. ನಮ್ಮೋರೆಲ್ಲ ನಿಂತು ನೋಡ್ತಾವ್ರೆ, ಅವ್ಳಿಗೆ ಅದೇನೂ ಇಲ್ಲ." ಬಗ್ಗಿ ಕಾಲಿನ ಮೆಟ್ಟು ಸವರಿದ. "ಅವ್ಳು ನನ್ ದೇವ್ರ ಬಾಗ್ಲಲ್ಲಿ ಅಷ್ಟು ಮಾಡಿದ್ಲು. ನಾನು ಅವ್ಳ ದೇವ್ರ ಬಾಗ್ಲಲ್ಲಿ ಇನ್ನೇನು ಮಾಡಲಿ? ಅದಕ್ಕೇ ಶುರು ಮಾಡ್ದೆ, ಜೋಡ್ಸೋಕೆ."

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಅವ್ವ ಮಡಿಲಲ್ಲಿ ಇಟ್ಟುಕೊಂಡಿದ್ದನ್ನು ನಾನು ಕಾಲಿನಲ್ಲಿ ಎಸೆದಿದ್ದೆ. ಅವ್ವನನ್ನು ಅಷ್ಟು ನೆನೆದ ಸಂಜೆ ಇನ್ನೊಂದಿಲ್ಲ. ಅವಳೊಮ್ಮೆ ಎದುರಿಗೆ ಸಿಕ್ಕಿದ್ದರೆ, ಬರೀ ಐದು ನಿಮಿಷ ಸಿಕ್ಕಿದ್ದರೆ ಸಾಕಿತ್ತು, ಆ ನಾಯಿಯ ಕಥೆ ಸುಳ್ಳು ಕಣವ್ವ ಅಂತ ಹೇಳಿಬಿಡುತ್ತಿದ್ದೆ.

ಚಿತ್ರದುರ್ಗದಲ್ಲಿ ಅಪ್ಪನ ಕಣ್ಣಿನ ಪೊರೆ ತೆಗೆದರು. ಕಪ್ಪು ಕನ್ನಡಕ ಹಾಕಿಕೊಂಡು ಮಂಡಿಯಲ್ಲೆಲ್ಲ ದೊಡ್ಡ ಮನುಷ್ಯನ ಹಾಗೆ ಓಡಾಡಿದ. ಪೊರೆ ತೆಗೆದ ಮೇಲೆ ಬಂದ ಮೊದಲ ಭಾನುವಾರವೇ ಕುಟುಂಬ ಆರಾಧನೆ, ಎಂದಿನಂತೆ ಇಬ್ಬರೂ ಹೊರಟೆವು. ನನ್ನ ಬಗಲಲ್ಲಿ ಚಾಪೆ, ಅವನ ಕೈಯಲ್ಲೊಂದು ಬಟ್ಟೆಯ ಚೀಲ. "ಏನೈತೆ ಅದ್ರಲ್ಲಿ?" ಅಂದೆ. "ನಿನಗ್ಯಾಕೆ? ಒಳಗ್ ಹೋಗು, ಹೊತ್ತಾಯ್ತು" ಅಂದ.

ಅವತ್ತು ಪ್ರಸಂಗ ನನ್ನ ಕಿವಿಗೆ ಹೋಗಲೇ ಇಲ್ಲ. ಪಾಸ್ಟರು, "ಕಾಯಿ ಮಂಡಿ ಹಿಂದಿನ ಮನೆಯೋರು ಬರ್ರಿ" ಅಂದಾಗ ಎದ್ದೆ. ಮುಂದೆ ಹೋಗಿ ಕೈಗೆ ಕೈ ಹಿಡಿದು ನಿಂತೆ. ಕಿಟಕಿಯಾಚೆ ಹೊಂಗೆ ಮರದ ಕೆಳಗೆ ಅಪ್ಪ ಕಾಣುತ್ತಿದ್ದ. ಯಾವಾಗಲೂ ಕೂತಿರುವವನು ಅವತ್ತು ಎದ್ದು ನಿಂತಿದ್ದ, ಬರಿಗಾಲಲ್ಲಿ.

ಆರಾಧನೆ ಬಿಟ್ಟಿತು. ಜನರನ್ನು ತಳ್ಳಿಕೊಂಡು, "ಏನವಸರವೇ ನಿಂಗೆ" ಅಂತ ಬೈಸಿಕೊಂಡು ಹೊರಗೆ ಬಂದೆ. ಒಂದು ಮನೆಯೂ ಕಲಸಿರಲಿಲ್ಲ, ಎಲ್ಲರ ಜೊತೆಯೂ ಅವರವರ ಜಾಗದಲ್ಲಿತ್ತು. ಸಾಲಿನ ಕೊನೆಗೆ ಬಂದೆ. ನನ್ನ ಚಪ್ಪಲಿಯ ಒಂದು ಪಕ್ಕದಲ್ಲಿ ಅಪ್ಪನ ತೊಗಲಿನ ಮೆಟ್ಟು. ಇನ್ನೊಂದು ಪಕ್ಕದಲ್ಲಿ ಅವ್ವನ ನೀಲಿ ಪಟ್ಟಿಯ ಚಪ್ಪಲಿ.

ಅವ್ವ ತೀರಿಕೊಂಡ ವಾರವೇ ಅವನ್ನು ಯಾರಿಗೋ ಕೊಟ್ಟುಬಿಟ್ಟೆ ಅಂದಿದ್ದ ಅಪ್ಪ. ಸುಳ್ಳು. ಒರೆಸಿ, ಚೀಲದಲ್ಲಿ ಸುತ್ತಿ, ಎರಡು ವರ್ಷದಿಂದ ಎಲ್ಲಿಟ್ಟಿದ್ದನೋ.

ಜನ ತಮ್ಮ ತಮ್ಮ ಮನೆಗಳ ಮುಂದೆ ನಿಂತು ಮೆಟ್ಟಿಕೊಂಡು ಹೊರಟರು. ಸಾಲೆಲ್ಲ ಖಾಲಿಯಾಯಿತು. ನಾನು ಮಾತ್ರ ನಿಂತೇ ಇದ್ದೆ, ನನ್ನ ಚಪ್ಪಲಿಗೆ ಕಾಲು ಹಾಕಲಿಲ್ಲ. ನೆಲ ಕಾದಿತ್ತು. ಅಪ್ಪ ಬರಿಗಾಲಲ್ಲೇ ಬಂದು ಪಕ್ಕದಲ್ಲಿ ನಿಂತು, ಕಪ್ಪು ಕನ್ನಡಕ ತೆಗೆದು ಆ ಮೂರು ಜೊತೆಯನ್ನು ನೋಡಿದ.

"ಕಾಲು ಸುಡ್ತೈತೆ ಮಗಾ, ಮೆಟ್ಕ. ಹೋಗಾಣ" ಅಂದ.

"ತಡಿಯಪ್ಪ," ಅಂದೆ, "ಇನ್ನೊಂಚೂರು ಹೊತ್ತು ಇರ್ಲಿ."